ಅಪ್ಪನ ಕಂಪ್ಯೂಟರಲ್ಲಿ ಡಿಎಲ್‌ಎಲ್ ಕಾಣೆ, ನೆಟ್ಟಿಂದ ತಂದು ಹಾಕಿದ್ಮೇಲೆ ಇನ್ನೂ ಕೆಟ್ಟಿದೆ

ತುಂಗಾತೀರ · ಶನಿವಾರ ರಾತ್ರಿ 8:12

ನಮಸ್ಕಾರ. ಊರು ತೀರ್ಥಹಳ್ಳಿ ಹತ್ರ, ಇರೋದು ಬೆಂಗಳೂರು, ಈ ವಾರ ಮನೆಗೆ ಬಂದಿದೀನಿ. ಅಪ್ಪ ರಿಟೈರ್ಡ್ ಮೇಷ್ಟ್ರು. ಮನೇಲೊಂದು ಡೆಸ್ಕ್‌ಟಾಪ್ ಇದೆ, ವಿಂಡೋಸ್ 10, 64 ಬಿಟ್. ಅಪ್ಪಂಗೆ ಅದ್ರಲ್ಲಿ ಎರಡೇ ಕೆಲ್ಸ: ಜಾತಕ ಬರೆಯೋ ತಂತ್ರಾಂಶ, ಆಮೇಲೆ ಫೋಟೋ ನೋಡೋದು. ಹತ್ತು ವರ್ಷದ ಫೋಟೋ ಎಲ್ಲ ಅದ್ರಲ್ಲೇ ಇದೆ, ಬೇರೆ ಎಲ್ಲೂ ಕಾಪಿ ಇಲ್ಲ (ಬೈಬೇಡಿ, ಗೊತ್ತು).

ಮೊನ್ನೆ ಮಳೆಗೆ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲ ಆಯ್ತೋ, ಮಷೀನ್ ದಪ್ ಅಂತ ಆಫ್. ಮಾರನೇ ದಿನ ಜಾತಕದ ತಂತ್ರಾಂಶ ತೆರೆದ್ರೆ "ವಿಸಿರನ್‌ಟೈಮ್140.ಡಿಎಲ್‌ಎಲ್ ವಾಸ್ ನಾಟ್ ಫೌಂಡ್" ಅಂತ ಪೆಟ್ಟಿಗೆ ಬರ್ತಿದೆ (ಡಿಎಲ್‌ಎಲ್ ಅಂದ್ರೆ ಹಲವು ತಂತ್ರಾಂಶ ಹಂಚ್ಕೊಂಡು ಬಳಸೋ ಫೈಲಂತೆ). ಬೇರೆಲ್ಲ ಚೆನ್ನಾಗೇ ನಡೀತಿದೆ.

ಹುಡುಕಿದ್ರೆ ಆ ಫೈಲೊಂದನ್ನೇ ಪುಕ್ಕಟೆ ಕೊಡೋ ಸೈಟ್ ಸಿಕ್ತು. 32 ಬಿಟ್‌ದು, 64 ಬಿಟ್‌ದು ಎರಡಿತ್ತು. ನಮ್ದು 64 ಅಲ್ವಾ, ಅದನ್ನೇ ಇಳಿಸ್ಕೊಂಡು ವಿಂಡೋಸಿನ ಸಿಸ್ಟಂ32 ಫೋಲ್ಡರ್ ಒಳಗೆ ಹಾಕ್ದೆ. "ಇದೇ ಹೆಸ್ರಿಂದು ಆಗ್ಲೇ ಇದೆ, ಬದಲಾಯಿಸ್ಲಾ" ಅಂತ ಕೇಳ್ತು, ಹೂಂ ಅಂದೆ. ಏನೂ ಆಗ್ಲಿಲ್ಲ, ಅದೇ ಎರರ್. ಆಮೇಲೆ ಜಾತಕದ ಫೋಲ್ಡರ್ ಒಳಗೂ ಒಂದು ಹಾಕ್ದೆ. ಈಗ ಎರರ್ರೇ ಬದಲಾಗಿದೆ: 0ಎಕ್ಸ್‌ಸಿ000007ಬಿ. ಅದೇ ಸೈಟಿಂದ ಒಂದು "ಫಿಕ್ಸರ್" ಕೂಡ ಬಂದು ಕೂತಿದೆ, ಸಾವಿರಕ್ಕೂ ಮೇಲೆ ದೋಷ ಇದೆ ದುಡ್ಡು ಕಟ್ಟು ಅಂತಿದೆ.

ಸೋಮವಾರ ಯಾರದ್ದೋ ಹುಡುಗೀದು ಜಾತಕ ಕೊಡ್ಬೇಕಂತೆ. ಅಪ್ಪ ಹತ್ತು ನಿಮಿಷಕ್ಕೊಂದ್ಸಲ ಬಂದು ಇಣುಕಿ ಹೋಗ್ತಿದಾರೆ. ಏನ್ ಮಾಡ್ಲಿ?

ಬೆಣ್ಣೆದೋಸೆ · 8:15

ಫಾರ್ಮ್ಯಾಟ್ ಹೊಡಿ ಮಗಾ. ಒಂದು ಗಂಟೆ ಕೆಲ್ಸ.

ನೀರ್‌ದೋಸೆ · 8:19

ಬೆಣ್ಣೆದೋಸೆ, ಹತ್ತು ವರ್ಷದ ಫೋಟೋ ಉಂಟು ಅಂತ ಬರ್ದದ್ದು ಓದ್ಲಿಲ್ವಾ ಮಾರಾಯ್ರೆ? ನಮ್ಮ ಮನೆಯಲ್ಲಿ ಹೀಗೇ ಒಂದು ಎರರಿಗೆ ಅಂಗಡಿಗೆ ಕೊಟ್ಟದ್ದು. ವಾಪಸ್ ಬರುವಾಗ ಹೊಸ ಮಷೀನಿನ ಹಾಗೆ ಫಳಫಳ. ಅಕ್ಕನ ಮದುವೆ ಫೋಟೋ ಇದ್ದ ಫೋಲ್ಡರ್ ಡೆಸ್ಕ್‌ಟಾಪಲ್ಲೇ ಇತ್ತು, ಅದೂ ಫಳಫಳ. "ಡಿ ಡ್ರೈವಲ್ಲಿ ಇಡ್ಬೇಕಿತ್ತು ಮೇಡಂ" ಅಂದ ಆ ಜನ.

ತುಂಗಾತೀರ ಅವ್ರೇ, ಬೇರೆ ಎಂತ ಮಾಡುವ ಮೊದ್ಲು ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಫೋಟೋ ಹಾಕಿ. ಇವತ್ತೇ. ಆಮೇಲೆ ಈ ಚರ್ಚೆಯ ದಾರ ಓದಿ.

ಗಿರ್ಮಿಟ್ · 8:24

ಸರ, ಫಾರ್ಮ್ಯಾಟ್ ಗೀರ್ಮ್ಯಾಟ್ ಏನೂ ಬ್ಯಾಡ. ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತಗೀರಿ, ಎಸ್‌ಎಫ್‌ಸಿ, ಒಂದು ಸ್ಪೇಸ್, ಸ್ಲ್ಯಾಶ್, ಸ್ಕ್ಯಾನ್‌ನೌ ಅಂತ ಕೂಡಿಸಿ ಹೊಡೀರಿ. ಕಳಕೊಂಡ ಸಿಸ್ಟಂ ಫೈಲೆಲ್ಲಾ ತಾನ ತುಂಬತೈತಿ. ಕರೆಂಟ್ ಹೋಗಿ ಕೆಟ್ಟದ್ದಕ್ಕ ಇದ ಔಷಧ.

ರಾತ್ರಿಪಾಳಿ · 8:41

ಡೆಸ್ಕ್‌ಟಾಪ್ ಸಪೋರ್ಟಲ್ಲಿ ಹನ್ನೊಂದು ವರ್ಷದಿಂದ ಇದೀನಿ, ಈ ಒಂದು ಎರರ್ ತಿಂಗಳಿಗೆ ನಾಕ್ ಸಲ ನೋಡ್ತೀನಿ. ಸ್ವಲ್ಪ ಉದ್ದ ಆಗತ್ತೆ, ಬೇಜಾರಾಗ್ಬೇಡಿ.

ಗಿರ್ಮಿಟ್ ಸರ್, ಎಸ್‌ಎಫ್‌ಸಿ ಒಳ್ಳೇದೇ, ಓಡಿಸಿದ್ರೆ ನಷ್ಟ ಇಲ್ಲ. ಆದ್ರೆ ಇಲ್ಲಿ ಕೆಲ್ಸಕ್ಕೆ ಬರಲ್ಲ. ಅದು ಕಾಯೋದು ವಿಂಡೋಸ್ ತನ್ನದು ಅಂತ ಪಟ್ಟಿ ಇಟ್ಕೊಂಡಿರೋ ಫೈಲುಗಳನ್ನ ಮಾತ್ರ. ವಿಸಿರನ್‌ಟೈಮ್140 ಆ ಪಟ್ಟೀಲಿಲ್ಲ. ಅದು ಮೈಕ್ರೋಸಾಫ್ಟಿಂದೇ, ಆದ್ರೆ ವಿಂಡೋಸ್ ಜೊತೆ ಬರೋದಲ್ಲ. "ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್" ಅನ್ನೋ ಪ್ಯಾಕೇಜಿಂದ ಬರೋದು. ಸಿಸ್ಟಂ32 ಒಳಗೆ ಕೂತಿರತ್ತೆ ಅಂತ ಜನ ಸಿಸ್ಟಂ ಫೈಲು ಅಂದ್ಕೋತಾರೆ.

ದೇವಸ್ಥಾನದ ಉಗ್ರಾಣದಲ್ಲಿ ದೊಡ್ಡ ಕೊಪ್ಪರಿಗೆ ಇರತ್ತಲ್ಲ, ಹಾಗೆ ಡಿಎಲ್‌ಎಲ್. ಊರಲ್ಲಿ ಯಾರ ಮನೆ ಮದುವೆ ಆದ್ರೂ ಅಲ್ಲಿಂದಲೇ ತರ್ತಾರೆ, ಪ್ರತಿ ಮನೇಲೂ ನೂರು ಜನಕ್ಕೆ ಬೇಯ್ಸೋ ಪಾತ್ರೆ ಇಟ್ಕೊಳಲ್ಲ. ಜಾತಕದ ತಂತ್ರಾಂಶ ಉಗ್ರಾಣಕ್ಕೆ ಹೋಗಿ 140ನೇ ನಂಬರ್ ಕೊಪ್ಪರಿಗೆ ಕೇಳಿದೆ, ಅದು ಇಲ್ಲ. ನೀವೇನ್ ಮಾಡಿದ್ರಿ, ದಾರೀಲಿ ಯಾರೋ ಕೊಟ್ಟ ಪಾತ್ರೆ ತಂದಿಟ್ರಿ. ಅದಕ್ಕೆ ಕಲಾಯಿ ಇದ್ಯೋ, ತಳದಲ್ಲಿ ತೂತಿದ್ಯೋ ಯಾರಿಗ್ ಗೊತ್ತು.

ಅದಕ್ಕೇ ಒಂಟಿ ಡಿಎಲ್‌ಎಲ್ ಕೊಡೋ ಸೈಟ್ ಕಡೆ ಹೋಗ್ಲೇಬೇಡಿ. ಫೈಲಿನ ಹೆಸ್ರು ನೋಡಿ, ಅದು ಯಾವ ಪ್ಯಾಕೇಜಿಂದು ತಿಳ್ಕೊಳಿ, ಇಡೀ ಪ್ಯಾಕೇಜನ್ನ ಅದನ್ನ ಮಾಡಿದವರ ಹತ್ರಾನೇ ತಗೊಳಿ. ನಿಮ್ದಕ್ಕೆ ಮೈಕ್ರೋಸಾಫ್ಟ್ ಸೈಟಲ್ಲಿರೋ 2015ರಿಂದ ಈಚೆಗಿನ ರೀಡಿಸ್ಟ್ರಿಬ್ಯೂಟಬಲ್. 2015, 2017, 2019, 2022 ಎಲ್ಲಕ್ಕೂ ಒಂದೇ ಪ್ಯಾಕೇಜು. ಅದ್ರಲ್ಲಿ ಎಕ್ಸ್64, ಎಕ್ಸ್86 ಅಂತ ಎರಡಿರತ್ತೆ. ಎರಡೂ ಹಾಕಿ. ಎರಡೂ. ಇನ್ನೊಂದ್ಸಲ ಹೇಳ್ತೀನಿ, ಎರಡೂ.

ಆ ಫಿಕ್ಸರನ್ನ ಮೊದ್ಲು ತೆಗೀರಿ. ಸಾವಿರ ದೋಷ ಹುಡುಕೋ ಸಾಫ್ಟ್‌ವೇರೇ ಸಾವಿರದ ಒಂದನೇ ದೋಷ.

ಪೆಂಗ್ವಿನ್ ಮಾಮ · 8:44

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿ. ಡಿಎಲ್‌ಎಲ್ಲೇ ಇರಲ್ಲ.

ಗಿರ್ಮಿಟ್ · 8:46

ಹೌದ್ರೀ ಮಾಮಾ, ಡಿಎಲ್‌ಎಲ್ ಇರೂದಿಲ್ಲ. ಅದರ ಬದಲಿ "ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಒ 1.1 ಸಿಗವಲ್ದು" ಅಂತ ಬರತೈತಿ. ಲಿನಕ್ಸಿನ ಉಬುಂಟು 22.04ಕ್ಕ ಹೋದಾಗ ನಾ ಮೂರು ದಿನ ಅತ್ತೇನಿ. ಹೆಸರು ಬ್ಯಾರೆ, ಹಣೇಬರಾ ಒಂದ.

ಪೆಂಗ್ವಿನ್ ಮಾಮ · 8:47

ಅದು ಹಳೇ ಆ್ಯಪಿನ ತಪ್ಪು, ಲಿನಕ್ಸಿಂದಲ್ಲ.

ಗಿರ್ಮಿಟ್ · 8:48

ಇಲ್ಲೂ ಅದ ಆಗೇತಲ್ರೀ ಮತ್ತ 😄

ತುಂಗಾತೀರ · 9:30

ಫೋಟೋ ಕಾಪಿ ಆಗ್ತಿದೆ, 140 ಜಿಬಿ, ರಾತ್ರಿ ಪೂರ್ತಿ ಹಿಡಿಯತ್ತೆ ಅನ್ಸತ್ತೆ. (140 ನನ್ನ ಬೆನ್ನು ಬಿಡಲ್ಲ.)

ಅಷ್ಟರಲ್ಲಿ ಎಕ್ಸ್64 ಇಳಿಸಿ ಓಡಿಸ್ದೆ. "ಆಗ್ಲೇ ಇದೆ, ರಿಪೇರ್ ಮಾಡ್ಲಾ, ತೆಗೀಲಾ" ಅಂತ ಕೇಳ್ತು. ಇದೆ ಅಂದ್ಮೇಲೆ ಮುಚ್ಬಿಟ್ಟೆ. ಜಾತಕ ತೆರೆದ್ರೆ ಅದೇ 7ಬಿ. ಎಕ್ಸ್86 ಹಾಕ್ಲಿಲ್ಲ, ನಮ್ದು 64 ಬಿಟ್ ಅಲ್ವಾ?

ರಾತ್ರಿಪಾಳಿ · 9:33

ಎರಡೂ ಅಂತ ಮೂರು ಸಲ ಬರ್ದಿದೀನಲ್ಲ ಗುರುವೇ.

ಎಕ್ಸ್86 ಅಂದ್ರೆ 32 ಬಿಟ್. ನಿಮ್ಮ *ವಿಂಡೋಸ್* 64 ಬಿಟ್ ಇರ್ಬಹುದು, ಅದ್ರಲ್ಲಿ ಓಡೋ *ತಂತ್ರಾಂಶ* 32 ಆಗಿರ್ಬಹುದು. ಅದಕ್ಕೆ 32 ಬಿಟ್ ಡಿಎಲ್‌ಎಲ್ಲೇ ಬೇಕು. ಜಾತಕದ್ದು ಯಾವ ಫೋಲ್ಡರಲ್ಲಿದೆ ನೋಡಿ. "ಪ್ರೋಗ್ರಾಂ ಫೈಲ್ಸ್" ಪಕ್ಕ ಆವರಣದಲ್ಲಿ ಎಕ್ಸ್86 ಅಂತಿದ್ರೆ ಬಹುತೇಕ 32 ಬಿಟ್.

ಇನ್ನೊಂದು ತಮಾಷೆ. 64 ಬಿಟ್ ವಿಂಡೋಸಲ್ಲಿ ಸಿಸ್ಟಂ32 ಅನ್ನೋ ಫೋಲ್ಡರಲ್ಲಿರೋದು 64 ಬಿಟ್ ಫೈಲು. 32 ಬಿಟ್ ಫೈಲು ಇರೋದು ಸಿಸ್‌ವಾವ್64 ಅನ್ನೋದ್ರಲ್ಲಿ. ಹೆಸ್ರು ಉಲ್ಟಾ. ನೀವು ಸಿಸ್ಟಂ32ಕ್ಕೆ ಹಾಕಿದಾಗ ಏನೂ ಆಗ್ದೇ ಇದ್ದಿದ್ದು ಅದಕ್ಕೇ. 32 ಬಿಟ್ ತಂತ್ರಾಂಶ ಸಿಸ್ಟಂ32 ಬಾಗ್ಲು ತಟ್ಟಿದ್ರೂ ವಿಂಡೋಸ್ ಅದನ್ನ ಆ ಕಡೆ ಕಳಿಸ್ಬಿಡತ್ತೆ.

ಹಳೇ ಫ್ಲಾಪಿ · 9:52

ಹೆಸರು ಉಲ್ಟಾ ಯಾಕಾಯ್ತು ಅಂದ್ರೆ, ಸಿಸ್ಟಂ32 ಅಂತ ದಾರಿ ಬರೆದಿಟ್ಟ ಹಳೇ ಪ್ರೋಗ್ರಾಂಗಳು ಲಕ್ಷಾಂತರ ಇದ್ವು. ಅವನ್ನ 64 ಬಿಟ್ಟಿಗೆ ತರೋರು ಫೋಲ್ಡರ್ ಹೆಸರು ಬದಲಾಯಿಸೋ ಹಾಗೆ ಆಗಬಾರದು ಅಂತ ಆ ಹೆಸರನ್ನ ಹಾಗೇ ಬಿಟ್ಟರು. ಇನ್ನು 86 ಅನ್ನೋದು ಇಂಟೆಲ್ 8086 ಚಿಪ್ಪಿಂದ ಬಂದದ್ದು, 1978ರದು. 80286, 80386 ಅಂತ ಬಂದು ಬಂದು ಬಾಲದ 86 ಉಳೀತು. 386 ಬಂದದ್ದು 1985ರಲ್ಲಿ, 32 ಬಿಟ್ ಶುರು ಆಗಿದ್ದು ಅಲ್ಲಿಂದ. ಹಾಗಾಗಿ 86 ಅನ್ನೋ ಸಂಖ್ಯೆ 64ಕ್ಕಿಂತ ದೊಡ್ಡದಲ್ಲ, ಅದರ ಅಜ್ಜ.

ಮೈಸೂರಲ್ಲಿ ಸೈಬರ್ ಸೆಂಟರ್ ಇಟ್ಟಿದ್ದೆ, ವಿಂಡೋಸ್ 98 ಕಾಲ. ಆಗ ಯಾವ ಪ್ರೋಗ್ರಾಂ ಬೇಕಾದರೂ ಸಿಸ್ಟಂ ಫೋಲ್ಡರಿಗೆ ನುಗ್ಗಿ ತನ್ನ ಹಳೇ ಡಿಎಲ್‌ಎಲ್ಲನ್ನ ಹೊಸದರ ಮೇಲೆ ಹೇರಿಬಿಡೋದು. ಒಂದು ಗೇಮ್ ಹಾಕಿದರೆ ಪ್ರಿಂಟರ್ ಸಾಯೋದು. ಡಿಎಲ್‌ಎಲ್ ನರಕ ಅಂತಲೇ ಅದಕ್ಕೆ ಹೆಸರು. ವಿಂಡೋಸ್ 2000ದಲ್ಲಿ ಫೈಲ್ ಕಾವಲು ಬಂದ ಮೇಲೆ ಸ್ವಲ್ಪ ಉಸಿರಾಡಿದ್ವಿ.

ಬೆಣ್ಣೆದೋಸೆ · 9:55

ಅಂಕಲ್ "ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್" ನೆನಪಿದ್ಯಾ? ವಿಂಡೋಸ್ ಶುರು ಮಾಡೋ ಫೈಲು, ಎಕ್ಸ್‌ಪಿ ಕಾಲದ್ದು. ಅದಕ್ಕೂ ನಮ್ಮಣ್ಣ ಫಾರ್ಮ್ಯಾಟೇ ಹೊಡೀತಿದ್ದ.

ಹಳೇ ಫ್ಲಾಪಿ · 10:01

ನೆನಪಿಲ್ಲದೆ ಏನು. ಹತ್ತರಲ್ಲಿ ಐದು ಸಲ ಫೈಲು ಕಾಣೆ ಆಗಿರುತ್ತಲೇ ಇರಲಿಲ್ಲ. ಯಾರೋ ಫ್ಲಾಪಿಯನ್ನೋ ಪೆನ್‌ಡ್ರೈವನ್ನೋ ಸಿಕ್ಕಿಸಿ ಮರೆತು ಹೋಗಿರೋರು, ಕಂಪ್ಯೂಟರ್ ಅದರಿಂದ ಬೂಟ್ ಆಗೋಕೆ ಹೋಗಿ ಹಾಗೆ ಹೇಳೋದು. ಕಿತ್ತು ರೀಸ್ಟಾರ್ಟ್ ಮಾಡಿದರೆ ಮುಗೀತು. ನಿಮ್ಮಣ್ಣ ಎಷ್ಟು ಮನೆ ಹಾಳು ಮಾಡಿದನೋ.

ಉಲ್ಟಾನೂ ಆಗಿದೆ. 2002ರಲ್ಲಿ ಒಂದು ಈಮೇಲ್ ಓಡಾಡ್ತು: "ನಿಮ್ಮ ಕಂಪ್ಯೂಟರಲ್ಲಿ ಕರಡಿ ಮರಿ ಚಿತ್ರ ಇರೋ ಒಂದು ಫೈಲ್ ಇದ್ದರೆ ಅದು ವೈರಸ್, ಕೂಡಲೇ ಅಳಿಸಿ, ಎಲ್ಲರಿಗೂ ತಿಳಿಸಿ." ಅದು ಜೆಡಿಬಿಜಿಎಂಜಿಆರ್ ಅನ್ನೋ ವಿಂಡೋಸಿನದೇ ಫೈಲು. ಐಕಾನ್ ನಿಜಕ್ಕೂ ಪುಟ್ಟ ಕರಡಿ! ನಮ್ಮ ಸೆಂಟರಿನ ಎಂಟು ಮಷೀನಲ್ಲೂ ನಾನೇ ಕೈಯಾರೆ ಅಳಿಸಿದ್ದೆ. ಅಕ್ಕಪಕ್ಕದ ಅಂಗಡಿಗೂ ಹೋಗಿ ಹೇಳಿ ಬಂದಿದ್ದೆ.

ನೀರ್‌ದೋಸೆ · 10:03

ಅಯ್ಯೋ ಕರಡಿ ಪಾಪ 😂

ತುಂಗಾತೀರ · 10:20

ಎಕ್ಸ್86 ಹಾಕ್ದೆ. ಅದು "ಇಲ್ಲ" ಅಂತಲೇ ಇತ್ತು, ಈಗ ಇನ್‌ಸ್ಟಾಲ್ ಆಯ್ತು. ರೀಸ್ಟಾರ್ಟೂ ಮಾಡ್ದೆ. ಆದ್ರೂ 7ಬಿ!! ಅಪ್ಪ ಮಲ್ಗಿದಾರೆ. ಮಲ್ಗೋ ಮುಂಚೆ "ಇದಕ್ಕೆ ಈಗ ಅಷ್ಟಮ ಶನಿ" ಅಂದ್ರು.

ಸರ್ವಿಸ್ ಸೆಂಟರ್ ಹಾಸನ · 10:24

7ಬಿ ಅಂದ್ರೆ 32, 64 ಕಲಬೆರಕೆ. ಜಾತಕದ ಫೋಲ್ಡರಲ್ಲಿ ನೀವು ಹಾಕಿದ್ದು ತೆಗೆದ್ರಾ?

ರಾತ್ರಿಪಾಳಿ · 10:25

ಹಾಸನದವರು ಹಿಡಿದ್ರು ನೋಡಿ! ನಾನೇ ಮೊದ್ಲು ಹೇಳ್ಬೇಕಿತ್ತು.

ಯಾವ ತಂತ್ರಾಂಶ ಆದ್ರೂ ಡಿಎಲ್‌ಎಲ್ ಬೇಕಾದಾಗ ಮೊದ್ಲು ಹುಡುಕೋದು ತನ್ನ ಸ್ವಂತ ಫೋಲ್ಡರಲ್ಲಿ. ಅಲ್ಲಿ ಸಿಗ್ಲಿಲ್ಲ ಅಂದ್ರೆ ಮಾತ್ರ ಉಗ್ರಾಣಕ್ಕೆ ಹೋಗತ್ತೆ. ನೀವು 64 ಬಿಟ್ ಫೈಲನ್ನ ಅದ್ರ ಮನೆ ಅಡುಗೆಮನೇಲೇ ಇಟ್ಟಿದೀರಿ. ಉಗ್ರಾಣಕ್ಕೆ ಸರಿಯಾದ ಕೊಪ್ಪರಿಗೆ ಬಂದ್ರೂ ಅದು ಅಲ್ಲೀವರ್ಗೂ ಹೋಗ್ತಾನೇ ಇಲ್ಲ. ಆ ಒಂದು ಫೈಲ್ ಅಳಿಸಿ. ಬೇರೇದು ಮುಟ್ಬೇಡಿ, ನೀವು ಹಾಕಿದ್ದೇ ಅಂತ ತಾರೀಖು ನೋಡಿ ಖಾತ್ರಿ ಮಾಡ್ಕೊಳಿ.

ತುಂಗಾತೀರ · 10:31

ತೆಗೆದೆ.

ತೆರೀತು!!!!

ಗಣಪತಿ ಚಿತ್ರ ಬಂತು, "ಶುಭಮಸ್ತು" ಅಂತ ಬಂತು. ಎಬ್ಬಿಸ್ಲಾ ಬೇಡ್ವಾ ಅಪ್ಪನ್ನ?

ಗಿರ್ಮಿಟ್ · 10:32

ಎಬ್ಬಸ್ರಿ. ಶನಿ ಹೊಂಟ ಅಂತ ಹೇಳ್ರಿ.

ರಾತ್ರಿಪಾಳಿ · 10:40

ಎಬ್ಬಿಸಿ, ಆದ್ರೆ ಕೆಲ್ಸ ಮುಗ್ದಿಲ್ಲ. ಸಿಸ್ಟಂ32 ಒಳಗೆ ಇದ್ದ ಒಳ್ಳೇ ಫೈಲಿನ ಮೇಲೆ ನೆಟ್ಟಿನ ಫೈಲ್ ಹೇರಿದೀರಲ್ಲ, ಬ್ರೌಸರ್ ಅಂಥದ್ದು ಬಿಟ್ಟು ಉಳಿದ ಎಷ್ಟೋ 64 ಬಿಟ್ ತಂತ್ರಾಂಶ ಈಗ ಅದನ್ನೇ ನಂಬ್ಕೊಂಡಿರತ್ತೆ. ಆ ಫೈಲಿನ ಮೇಲೆ ಬಲಕ್ಲಿಕ್, ಪ್ರಾಪರ್ಟೀಸ್. "ಡಿಜಿಟಲ್ ಸಿಗ್ನೇಚರ್ಸ್" ಅನ್ನೋ ಹಾಳೆ ಇದ್ಯಾ? ಅದ್ರಲ್ಲಿ ಯಾರ ಸಹಿ ಇದೆ? ಡೀಟೇಲ್ಸಲ್ಲಿ ಆವೃತ್ತಿ ಎಷ್ಟು?

ತುಂಗಾತೀರ · 10:52

ಮೈಕ್ರೋಸಾಫ್ಟ್ ಕಾರ್ಪೊರೇಷನ್ ಸಹಿ ಇದೆ, ಸಹಿ ಸರಿ ಇದೆ ಅಂತ್ಲೂ ಇದೆ. ಆವೃತ್ತಿ 14.0 ಅಂತ ಶುರುವಾಗತ್ತೆ.

ರಾತ್ರಿಪಾಳಿ · 10:58

ಬಚಾವ್. ಅಸಲಿ ಫೈಲೇ, ಆದ್ರೆ 2015ರ ಹಳೇದು. ಈಗ ಎಕ್ಸ್64 ಇನ್‌ಸ್ಟಾಲರ್ ಮತ್ತೆ ಓಡಿಸಿ, ಈ ಸಲ ಮುಚ್ಚದೆ "ರಿಪೇರ್" ಒತ್ತಿ. ಹಳೇದ್ರ ಮೇಲೆ ಹೊಸದು ಬರತ್ತೆ. ಆಮೇಲೆ ವಿಂಡೋಸಿನದೇ ಆ್ಯಂಟಿವೈರಸ್ ಡಿಫೆಂಡರಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಒಂದಿದೆ, ಅದು ಮಷೀನ್ ರೀಸ್ಟಾರ್ಟ್ ಮಾಡಿ ವಿಂಡೋಸ್ ಏಳೋ ಮುಂಚೇನೇ ಹುಡುಕತ್ತೆ. ಸುಮಾರು ಕಾಲು ಗಂಟೆ. ನನ್ನ ಅನುಮಾನ ಡಿಎಲ್‌ಎಲ್ ಮೇಲಲ್ಲ, ಆ ಫಿಕ್ಸರ್ ಮೇಲೆ.

ಹಾಗಂತ ಯಾರೂ "ನೋಡಿ ಸೈಟಿನ ಫೈಲು ಅಸಲಿ ಇತ್ತಲ್ಲ" ಅನ್ಬೇಡಿ. ಈ ಸಲ ಇತ್ತು ಅಷ್ಟೇ.

ಸರ್ವಿಸ್ ಸೆಂಟರ್ ಹಾಸನ · 11:10

ಮೇಲೆ ಅಂಗಡಿಯವರಿಗೆ ಬೈದಿದ್ದು ಓದಿದೆ. ನಾನೂ ಅಂಗಡಿಯವನೇ, ಒಂದು ಮಾತು. ಫೋಟೋ ಕೇಳದೆ ಅಳಿಸಿದ್ದು ತಪ್ಪೇ, ಅದಕ್ಕೆ ಕ್ಷಮೆ ಇಲ್ಲ. ಆದ್ರೆ ಫಾರ್ಮ್ಯಾಟ್ ಮಾಡೋದು ಸೋಮಾರಿತನಕ್ಕಲ್ಲ ಸಾರ್. ಐನೂರು ರೂಪಾಯಿ ಅಂದ್ರೆ ಜನ ಒಪ್ತಾರೆ, ಒಂದು ಗಂಟೇಲಿ ಕೈಗೆ ಸಿಗತ್ತೆ. ಇಲ್ಲಿ ನೋಡಿ, ಒಂದು ಫೈಲಿಗೆ ಮೂರು ಗಂಟೆ, ಐದು ಜನ. ಇದೇ ಮೂರು ಗಂಟೆಗೆ ಬಿಲ್ ಹಾಕಿದ್ರೆ "ಒಂದು ಫೈಲ್ ಅಳಿಸಿದ್ದಕ್ಕೆ ಇಷ್ಟಾ" ಅಂತಾರೆ.

ನಿಜವಾದ ಸಿಸ್ಟಂ ಫೈಲ್ ಕೆಟ್ಟಾಗ ನಾನು ಮಾಡೋದು ಹೇಳ್ತೀನಿ. ಮೊದ್ಲು ಡಿಐಎಸ್‌ಎಂ, ಆಮೇಲೆ ಎಸ್‌ಎಫ್‌ಸಿ. ಎಸ್‌ಎಫ್‌ಸಿ ಒಳ್ಳೇ ಕಾಪಿ ತರೋದು ವಿಂಡೋಸಿನ ಒಳಗೇ ಇರೋ ವಿನ್‌ಎಸ್‌ಎಕ್ಸ್‌ಎಸ್ ಅನ್ನೋ ಕಣಜದಿಂದ. ಕಣಜಕ್ಕೇ ಹುಳ ಬಿದ್ದಿದ್ರೆ? ಡಿಐಎಸ್‌ಎಂ ಆ ಕಣಜ ಸರಿಮಾಡತ್ತೆ, ಒಳ್ಳೇ ಫೈಲನ್ನ ವಿಂಡೋಸ್ ಅಪ್‌ಡೇಟಿಂದ ತರಿಸತ್ತೆ. ನೆಟ್ ಬೇಕು. ನಡುವೆ 62 ಪರ್ಸೆಂಟ್ ಹತ್ರ ನಿಂತ್ಬಿಡತ್ತೆ, ಸತ್ತಿದೆ ಅಂತ ಮುಚ್ಬೇಡಿ, ಟೀ ಕುಡ್ಕೊಂಡು ಬನ್ನಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಅದೇ ಭಾಷೆ, ಅದೇ ಆವೃತ್ತಿಯ ವಿಂಡೋಸ್ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕೇ ಒಂದು ಫೈಲಾಗಿರೋದು) ತೆರೆದು ಒಳಗಿನ ಸೆಟಪ್ ಓಡಿಸಿ "ಫೈಲು, ಆ್ಯಪು ಎರಡೂ ಇರ್ಲಿ" ಅನ್ನೋದನ್ನ ಆರಿಸ್ತೀನಿ. ವಿಂಡೋಸ್ ಪೂರ್ತಿ ಹೊಸದಾಗತ್ತೆ, ಫೋಟೋ ಎಲ್ಲ ಇದ್ದಲ್ಲೇ. ಫಾರ್ಮ್ಯಾಟ್ ಅನ್ನೋದು ಇದೂ ಆಗ್ದೇ ಹೋದಾಗ.

ನೀರ್‌ದೋಸೆ · 11:18

ಹಾಸನದವ್ರೇ, ನೀವು ಮಂಗ್ಳೂರಿಗೆ ಅಂಗಡಿ ಹಾಕಿ. ನಾನು ಬಿಲ್ ಕೊಡ್ತೇನೆ.

ಒಂದು ಸೇರಿಸುದುಂಟು. ನನ್ನ ಹಳೇ ಲ್ಯಾಪ್‌ಟಾಪಲ್ಲಿ ಎಸ್‌ಎಫ್‌ಸಿ ಪ್ರತಿ ವಾರ "ಕೆಟ್ಟ ಫೈಲ್ ಸಿಕ್ಕಿತು, ಸರಿ ಮಾಡಿದೆ" ಅಂತ ಹೇಳ್ತಿತ್ತು. ನನಗೆ ಭಾರೀ ಖುಷಿ, ಎಷ್ಟು ಒಳ್ಳೆ ಕಮಾಂಡ್ ಅಂತ. ಮತ್ತೆ ಗೊತ್ತಾದದ್ದು, ವಾರ ವಾರ ಫೈಲ್ ಕೆಡುದು ಯಾಕೆ ಅಂತ ಕೇಳ್ಬೇಕಿತ್ತು. ಡಿಸ್ಕಿನ ಆರೋಗ್ಯ ಹೇಳುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದ್ರೆ ಹಳದಿ ಬಣ್ಣ, "ಕಾಷನ್". ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದ್ಲಿಕ್ಕೆ ಆಗದ ಜಾಗ) ರಾಶಿ. ಹಾರ್ಡ್ ಡಿಸ್ಕೇ ಸಾಯ್ತಾ ಇತ್ತು. ಎರಡು ವಾರದಲ್ಲಿ ಪೂರ್ತಿ ಹೋಯ್ತು, ಅಷ್ಟರಲ್ಲಿ ಕಾಪಿ ತೆಗ್ದಿದ್ದೆ ಪುಣ್ಯಕ್ಕೆ. ತುಂಗಾತೀರ, ಕರೆಂಟ್ ಹೋಗಿ ಬರುವ ಊರು ನಿಮ್ದು, ಡಿಸ್ಕ್ ಒಮ್ಮೆ ನೋಡಿ.

ರಾತ್ರಿಪಾಳಿ · 11:21

ಡಿಸ್ಕ್ ಚೆನ್ನಾಗಿದ್ರೂ ಹೀಗಾದ್ರೆ ರ್‍ಯಾಮ್ ನೋಡ್ಬೇಕು. ವಿಂಡೋಸಲ್ಲೇ "ಮೆಮೊರಿ ಡಯಾಗ್ನೋಸ್ಟಿಕ್" ಇದೆ.

ಕಾಫಿಬೀಜ · 11:26

ಮಧ್ಯ ನುಗ್ಗಿದ್ದಕ್ಕೆ ಕ್ಷಮಿಸಿ. ನಂದೂ ಕಾಣೆಯಾದ ಡಿಎಲ್‌ಎಲ್ಲೇ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡ್ಲೆ "ರನ್‌ಡಿಎಲ್‌ಎಲ್: ದಿ ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್" ಅಂತ ಬರತ್ತೆ. ಫೈಲ್ ಹೆಸ್ರು ಬರೀ ಅಕ್ಷರದ ಗಲೀಜು. ಓಕೆ ಒತ್ತಿದ್ರೆ ಹೋಗತ್ತೆ, ಎಲ್ಲ ಕೆಲ್ಸ ಮಾಡತ್ತೆ. ಆ ಫೈಲು ಎಲ್ಲೂ ಸಿಗ್ತಿಲ್ಲ.

ರಾತ್ರಿಪಾಳಿ · 11:34

ಸಿಗದೇ ಇರ್ಲಿ! ನಿಮ್ದು ಪೂರ್ತಿ ಬೇರೆ ಕಥೆ. ಹಿಂದೆ ಯಾವಾಗ್ಲೋ ವೈರಸ್ಸೋ ಕೆಲ್ಸಕ್ಕೆ ಬಾರದ ತಂತ್ರಾಂಶವೋ ಇತ್ತು. ಆ್ಯಂಟಿವೈರಸ್ ಫೈಲನ್ನ ಅಳಿಸಿದೆ, ಆದ್ರೆ "ಶುರುವಾದಾಗ ಇದನ್ನ ಓಡಿಸು" ಅನ್ನೋ ಚೀಟಿ ಉಳ್ದಿದೆ. ಮನೆ ಖಾಲಿ ಮಾಡಿ ಹೋದೋರ ಹೆಸ್ರಿಗೆ ಲಗ್ನಪತ್ರಿಕೆ ಬರ್ತಾನೇ ಇರತ್ತಲ್ಲ, ಹಂಗೆ. ಅವರನ್ನ ಹುಡುಕ್ಕೊಂಡು ವಾಪಸ್ ಕರ್ಕೊಂಡ್ ಬರ್ತೀರಾ? ವಿಳಾಸ ಹೊಡೆದು ಹಾಕಿ ಸಾಕು.

ಮೈಕ್ರೋಸಾಫ್ಟ್ ಸೈಟಲ್ಲೇ ಸಿಸ್‌ಇಂಟರ್ನಲ್ಸ್ ಅಂತ ಇದೆ, ಅದ್ರಲ್ಲಿ "ಆಟೋರನ್ಸ್". ತೆರೆದ್ರೆ ಫೈಲ್ ಸಿಗದ ಸಾಲುಗಳು ಹಳದಿಯಾಗಿ ಕಾಣ್ತವೆ. ಆ ಗಲೀಜು ಹೆಸ್ರಿರೋ ಸಾಲಿನ ಟಿಕ್ ತೆಗೀರಿ, ಅಳಿಸ್ಬೇಡಿ. ಎರಡು ದಿನ ನೋಡಿ, ಏನೂ ತೊಂದ್ರೆ ಇಲ್ದಿದ್ರೆ ಆಮೇಲೆ ಅಳಿಸಿ. ಹಳದಿ ಇದೆ ಅಂತ ಕಂಡಿದ್ದೆಲ್ಲ ತೆಗೀಬೇಡಿ ಮತ್ತೆ.

ಕಾಫಿಬೀಜ · 11:49

ಹೋಯ್ತು! ಎರಡು ವರ್ಷದಿಂದ ಓಕೆ ಒತ್ತುತಾ ಇದ್ದೆ.

ಪೆಂಗ್ವಿನ್ ಮಾಮ · 11:51

ಈ ದಾರದಲ್ಲಿ "ಕಡತ" ಅಂತ ಒಬ್ಬರೂ ಬರೀಲಿಲ್ಲ. ಎಲ್ಲಾ ಫೈಲು ಫೈಲು.

ಗಿರ್ಮಿಟ್ · 11:53

ಕಡತ ಅಂದ್ರ ತಹಶೀಲ್ದಾರ್ ಆಫೀಸಿನ ಕೆಂಪ ದಾರ ಕಟ್ಟಿದ್ದ ಕಣ್ಣಿಗೆ ಬರತೈತಿ ಮಾಮಾ. ಅದೂ ಕಾಣೆ ಆಗತೈತಿ, ಅದಕ್ಕ ಯಾವ ಕಮಾಂಡೂ ಇಲ್ಲ.

ಕಮಾಂಡ್ ಅಂದಕೂಡ್ಲೆ ನೆನಪಾತು. ಇಲ್ಲಿ ನಾವು ಕನ್ನಡ ಲಿಪಿಯೊಳಗ ಬರದೀವಿ, ಯಾರೂ ಹಂಗ ಕನ್ನಡದಾಗ ಹೊಡೀಬ್ಯಾಡ್ರಿ. ನಮ್ಮ ಕಾಕಾ ಹೊಡದಿದ್ದ. ಫೋನಿನ್ಯಾಗ ಅವಗ ಎಸ್‌ಎಫ್‌ಸಿ ಹೇಳಿಕೊಡೂದು ಅಂದ್ರ... "ಸ್ಲ್ಯಾಶ್ ಹೊಡಿ ಕಾಕಾ." "ಯಾವ್ದಪಾ ಅದು?" "ವಾರೆ ಗೀಟು." "ಎರಡು ಅದಾವಲ್ಲೋ ವಾರೆ ಗೀಟು!" ಕಡೀಕ "ಪ್ರಶ್ನಾರ್ಥಕ ಚಿಹ್ನೆ ಇರೂ ಗುಂಡಿ, ಶಿಫ್ಟ್ ಒತ್ತಬ್ಯಾಡ" ಅಂದ್ಮ್ಯಾಲೆ ಬಗೀಹರೀತು. ಅದಾದ್ಮ್ಯಾಲೆ "ಅಡ್ಮಿನ್ ಆಗಿ ತಗಿ" ಅಂದ್ರ "ನಾ ಅಡ್ಮಿನ್ ಅಲ್ಲ, ನಿಮ್ಮ ಕಾಕು ಅಡ್ಮಿನ್" ಅಂದ. ವಾಟ್ಸ್ಯಾಪ್ ಗ್ರೂಪಿಂದು ಹೇಳಾಕತ್ತಿದ್ದ.

ಹಳೇ ಫ್ಲಾಪಿ · 11:58

😂😂 ಮಲಗೋ ಹೊತ್ತಲ್ಲಿ ನಗಿಸಬೇಡಿ.

ತುಂಗಾತೀರ · ಭಾನುವಾರ ಬೆಳಿಗ್ಗೆ 9:05

ವರದಿ. ಫೋಟೋ ಕಾಪಿ ಆಯ್ತು. ಎಕ್ಸ್64 ರಿಪೇರ್ ಕೊಟ್ಟೆ, ಸಿಸ್ಟಂ32ರ ಫೈಲು ಹೊಸ ಆವೃತ್ತಿ ಆಯ್ತು. ಫಿಕ್ಸರ್ ತೆಗ್ದೆ. ಆಫ್‌ಲೈನ್ ಸ್ಕ್ಯಾನಲ್ಲಿ ಅದ್ರ ಬಾಲ ಒಂದು ಸಿಕ್ತು, ಅದನ್ನೂ ತೆಗೀತು. ಡಿಸ್ಕ್ ನೀಲಿ, "ಗುಡ್". ಗಿರ್ಮಿಟ್ ಅವರ ಸಮಾಧಾನಕ್ಕೆ ಎಸ್‌ಎಫ್‌ಸಿ ಕೂಡ ಓಡಿಸ್ದೆ, ಯಾವ ದೋಷವೂ ಇಲ್ಲ ಅಂತು.

ಅಪ್ಪ ಬೆಳಿಗ್ಗೆ ಸ್ನಾನ ಮಾಡಿ ಬಂದು ಕೂತು ಎರಡು ಜಾತಕ ಮುಗಿಸಿದ್ರು. ರಾತ್ರಿ ಎಬ್ಬಿಸಿದ್ದಕ್ಕೆ ಬೈದ್ರು.

ಆದ್ರೆ ಒಂದು ಅರ್ಥ ಆಗ್ತಿಲ್ಲ. ಸಿಸ್ಟಂ ಫೈಲು ಯಾವ್ದೂ ಕೆಟ್ಟಿಲ್ಲ, ಡಿಸ್ಕ್ ಚೆನ್ನಾಗಿದೆ. ಹಾಗಾದ್ರೆ ಕರೆಂಟ್ ಹೋಗಿದ್ದಕ್ಕೆ ಎಕ್ಸ್86 ಪ್ಯಾಕೇಜ್ ಒಂದೇ ಹೇಗೆ ಹಾರ್‌ಹೋಯ್ತು?

ರಾತ್ರಿಪಾಳಿ · 9:20

ಹಾರ್‌ಹೋಗಲ್ಲ. ಯಾರೋ ತೆಗ್ದಿದಾರೆ. ಈಚೆಗೆ ಆ ಮಷೀನ್ ಮುಂದೆ ಯಾರಾದ್ರೂ ಕೂತಿದ್ರಾ, "ಸ್ಲೋ ಆಗಿದೆ ಕ್ಲೀನ್ ಮಾಡ್ತೀನಿ" ಅಂತ?

ತುಂಗಾತೀರ · 9:48

ಅಕ್ಕನ ಮಗ ಹೋದ ವಾರ ಬಂದಿದ್ದ. ಶಿವಮೊಗ್ಗದಲ್ಲಿ ಪಿಯುಸಿ, ಸೈನ್ಸು. ಫೋನ್ ಮಾಡ್ದೆ. "ಹೌದು ಮಾಮ, ಕಂಟ್ರೋಲ್ ಪ್ಯಾನೆಲಲ್ಲಿ ವಿಷುವಲ್ ಸಿ ಪ್ಲಸ್ ಪ್ಲಸ್ ಅಂತ ಒಂದೇ ಹೆಸ್ರು ಎಂಟು ಸಲ ಇತ್ತು. ಡೂಪ್ಲಿಕೇಟ್ ಅನ್ಕೊಂಡೆ. ನಿಮ್ದು 64 ಬಿಟ್ ಅಲ್ವಾ, ಅದಕ್ಕೆ 86 ಅಂತಿದ್ದಿದ್ದೆಲ್ಲ ತೆಗ್ದೆ" ಅಂದ.

ಅಂದ್ರೆ ಅವನ ತಲೆಯೂ ನನ್ನ ತಲೆಯೂ ಒಂದೇ ಥರ ಓಡಿದೆ. ಕರೆಂಟ್ ಹೋಗಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಪ್ಪ ಆ ವಾರ ಜಾತಕ ತೆರೆದೇ ಇರ್ಲಿಲ್ಲ ಅಷ್ಟೇ.

ಹಳೇ ಫ್ಲಾಪಿ · 9:51

ಬೈಬೇಡಿ ಹುಡುಗನಿಗೆ. ನಾನು ಕರಡಿ ಅಳಿಸಿದವನು.

ರಾತ್ರಿಪಾಳಿ · 9:58

ಅವನು "ಎಲ್ಲ" ಅಂದನಲ್ಲ, 2015ರದ್ದಷ್ಟೇ ಹೋಗಿರಲ್ಲ. ಬೇರೆ ಬೇರೆ ವರ್ಷದ್ದು ಬೇರೆ ಬೇರೆ ಪ್ಯಾಕೇಜು, ಹೊಸದು ಹಾಕಿದ್ರೆ ಹಳೇದ್ರ ಕೆಲ್ಸ ಮಾಡಲ್ಲ. ಎರರಲ್ಲಿ ಬರೋ ನಂಬರ್ ನೋಡಿದ್ರೆ ಗೊತ್ತಾಗತ್ತೆ: ಎಂಎಸ್‌ವಿಸಿಆರ್90 ಅಂದ್ರೆ 2008ರ ಪ್ಯಾಕೇಜು, 100 ಅಂದ್ರೆ 2010, 110 ಅಂದ್ರೆ 2012, 120 ಅಂದ್ರೆ 2013. 140 ನೀವು ನೋಡಿದ್ದೇ. ಮನೇಲಿರೋ ಹಳೇ ತಂತ್ರಾಂಶ ಒಂದೊಂದಾಗಿ ತೆರೆದು ನೋಡಿ, ಈಗ್ಲೇ.

ಸರ್ವಿಸ್ ಸೆಂಟರ್ ಹಾಸನ · 10:04

ಜೊತೆಗೆ ವಿಂಡೋಸ್ 10ಗೆ 2025 ಅಕ್ಟೋಬರ್ 14ಕ್ಕೇ ಮಾಮೂಲಿ ಬೆಂಬಲ ನಿಂತಿದೆ, ಅದನ್ನೂ ಯೋಚ್ನೆ ಮಾಡಿ ಸಾರ್. ಯುಪಿಎಸ್ ಬ್ಯಾಟರಿ ಮೊದ್ಲು ಹಾಕ್ಸಿ.

ತುಂಗಾತೀರ · 10:37

ತೆರೀತಾ ಬಂದೆ. ಸ್ಕ್ಯಾನರ್ ತಂತ್ರಾಂಶ: "ಎಂಎಸ್‌ವಿಸಿಆರ್100.ಡಿಎಲ್‌ಎಲ್ ಈಸ್ ಮಿಸ್ಸಿಂಗ್".

ಲೋಡಿಂಗ್ 99 · 10:41

2010, ಎಕ್ಸ್86. ಮಾಮ ನಾನೇ ಇದು, ಲಿಂಕ್ ನೋಡಿ ಈಗ್ತಾನೇ ಸೇರ್ಕೊಂಡೆ. ನೀವೇನೂ ಮುಟ್ಬೇಡಿ, ಮಧ್ಯಾಹ್ನದ ಬಸ್ಸಿಗೆ ಬಂದು ನಾನೇ ಹಾಕ್ತೀನಿ. ಅಜ್ಜಂಗೆ ಹೇಳ್ಬೇಡಿ.

ತುಂಗಾತೀರ · 10:43

ಅಜ್ಜ ನನ್ ಹಿಂದೇನೇ ನಿಂತು ಓದ್ತಿದಾರೆ ಕಣೋ.